ಆಪಾ ಓದಿ ಹೇಳಿದ ಹೆಸರುಗಳು

ನಾನು ಹೊನ್ನಾವರದ ಮುದ್ರಣಾಲಯಕ್ಕೆ ಸೇರಿದ್ದು ಕನ್ನಡ ಟೈಪು ಮಾಡಲಿಕ್ಕೆ. ಕುಮಟೆಯಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದುಕೊಂಡು ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದ್ದೆ. ಅಪ್ಪ ತದಡಿಯ ಬಂದರಿನಲ್ಲಿ ಮೀನು ತೂಗಿಸಿ ಲಾರಿಗೆ ಹಾಕಿಸುವ ಕೆಲಸದಲ್ಲಿದ್ದರು. ಮಗಳು ಫ್ಯಾನಿನ ಕೆಳಗೆ ಕೂತು, ಕೈ ಒದ್ದೆಯಾಗದ ಕೆಲಸ ಮಾಡುತ್ತಾಳೆ ಎಂಬುದೇ ಅವರಿಗೆ ದೊಡ್ಡ ಸಮಾಧಾನವಾಗಿತ್ತು.

ಟೈಪಿನವಳು ಸರ್ವರ್ ನೋಡಿಕೊಳ್ಳುವವಳಾದದ್ದು ಯಾರೂ ಯೋಚಿಸಿ ಮಾಡಿದ್ದಲ್ಲ. ಅದನ್ನು ಕೂರಿಸಿಕೊಟ್ಟಾತ ಮಸ್ಕತ್ತಿಗೆ ಹೊರಟು ನಿಂತಿದ್ದ. ಹೋಗುವ ಮೊದಲು ಪಾಸ್‌ವರ್ಡನ್ನು ಯಾರಿಗಾದರೂ ಹೇಳಲೇಬೇಕಿತ್ತು. ಪಕ್ಕದ ಕುರ್ಚಿಯಲ್ಲಿ ನಾನಿದ್ದೆ.

ಎರಡು ಸಾವಿರದ ಆರು-ಏಳರ ಸುಮಾರು ಅದು. ನಮ್ಮ ಕಡೆಗೆ ಬ್ರಾಡ್‌ಬ್ಯಾಂಡ್ ಆಗಷ್ಟೇ ಬಂದಿತ್ತು. ಮುದ್ರಣ ಯಂತ್ರಗಳು ಹೊನ್ನಾವರದಲ್ಲಿ. ಕುಮಟೆಯಲ್ಲೂ ಭಟ್ಕಳದಲ್ಲೂ ಒಂದೊಂದು ಕೌಂಟರು. ಅಲ್ಲಿಗೆ ಬಂದ ಲಗ್ನಪತ್ರಿಕೆ, ಕರಪತ್ರ, ಬಿಲ್‌ಬುಕ್ಕುಗಳ ಕೆಲಸವೆಲ್ಲ ಮೊದಲು ಸೀಡಿಯಲ್ಲಿ ಬರುತ್ತಿತ್ತು, ಬಸ್ಸಿನ ಡ್ರೈವರಿನ ಸೀಟಿನ ಹಿಂದೆ ಸಿಕ್ಕಿಸಿಕೊಂಡು. ಎಷ್ಟೋ ಸಲ ಸೀಡಿ ಹೊನ್ನಾವರದಲ್ಲಿ ಇಳಿಯುವುದನ್ನು ಮರೆತು ಅಂಕೋಲೆಗೆ ಹೋಗಿ ಬರುತ್ತಿತ್ತು. ಸರ್ವರ್ ಬಂದ ಮೇಲೆ ಈ ಕಾಟ ತಪ್ಪಿತು. ಮುದ್ರಣಾಲಯದ ಏಣಿಮೆಟ್ಟಿಲಿನ ಕೆಳಗೆ ಒಂದು ಕಪ್ಪು ಪೆಟ್ಟಿಗೆ. ಅದರೊಳಗೆ, ದೂರದೇಶದ ಯಾರೋ ಬರೆದು ಎಲ್ಲರಿಗೂ ಪುಕ್ಕಟೆ ಬಿಟ್ಟುಕೊಟ್ಟ ಫೈಲು ಹಂಚಿಕೊಳ್ಳುವ ಸಾಫ್ಟ್‌ವೇರ್. ಮೂರೂ ಊರಿನವರು ತಮ್ಮ ಹೆಸರು, ಪಾಸ್‌ವರ್ಡ್ ಹಾಕಿದರೆ ಸಾಕು, ಅವರವರ ಫೋಲ್ಡರು ತೆರೆದುಕೊಳ್ಳುತ್ತಿತ್ತು. ಹೊರಗಿನ ಕಂಪನಿಯ ಹಂಗಿಲ್ಲ. ಪೆಟ್ಟಿಗೆ ನಮ್ಮದು, ಹಾಗಾಗಿ ಅದಕ್ಕೇನಾದರೂ ಆದರೆ ಕೇಳಲು ನಮ್ಮನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ.

ಈ ಸರ್ವರಿಗೆ ನಾಲ್ಕನೆಯ ಬಾಗಿಲೂ ಒಂದಿತ್ತು. ಅದು ಭಟ್ಕಳದ ಹಳೆಯ ಓಣಿಯೊಂದರ ಮನೆಯಲ್ಲಿ ತೆರೆಯುತ್ತಿತ್ತು. ಅಲ್ಲಿದ್ದವರು ನಮಗೆ ಉರ್ದು ಮತ್ತು ನವಾಯತಿಯ ಕೆಲಸ ಮಾಡಿಕೊಡುತ್ತಿದ್ದ ಹೆಂಗಸು. ನವಾಯತಿ ಭಟ್ಕಳದ ಮುಸ್ಲಿಮರ ಮನೆಮಾತು; ಕಿವಿಗೆ ಕೊಂಕಣಿಯ ಹಾಗೆ ಕೇಳುತ್ತದೆ, ಬರೆಯುವುದು ಉರ್ದುವಿನಂತೆ ಬಲದಿಂದ ಎಡಕ್ಕೆ. ಆಕೆ ಹೆಣ್ಣುಮಕ್ಕಳ ಶಾಲೆಯಲ್ಲಿ ಉರ್ದು ಕಲಿಸುತ್ತಿದ್ದವರು. ತಾಯಿಗೆ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದ ಮೇಲೆ ಶಾಲೆ ಬಿಟ್ಟು, ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಟೈಪು ಕಲಿತರು. ಭಟ್ಕಳದ ಕೌಂಟರಿನವರು ಅವರನ್ನು ಆಪಾ ಎನ್ನುತ್ತಿದ್ದರು, ಅಕ್ಕ ಎಂದು ಅರ್ಥ. ನಾನೂ ಹಾಗೇ ಕರೆದೆ. ಮುಖ ನೋಡಿರಲಿಲ್ಲ. ಫೋನಿನಲ್ಲಿ ಮಾತ್ರ ಪರಿಚಯ, ಸ್ವಲ್ಪ ಗಡುಸಾದ, ಪ್ರತಿ ಶಬ್ದವನ್ನೂ ಪೂರ್ತಿ ಉಚ್ಚರಿಸುವ ಟೀಚರ್ ಧ್ವನಿ.

"ಫೈಲು ಇಟ್ಟಿದ್ದೇನೆ, ನೋಡಿ ಹೇಳಿ" ಎನ್ನುತ್ತಿದ್ದರು. ನಾನು ನೋಡಿದರೆ ಉರ್ದು ಲಿಪಿಯಲ್ಲಿ ಏನೋ ಹೆಸರು. ನನಗೆ ಓದಲು ಬಾರದು. "ಬಂದಿದೆ ಆಪಾ, ಉದ್ದ ಬಾಲದ್ದು" ಎನ್ನುತ್ತಿದ್ದೆ. ಅವರು ನಗುತ್ತಿದ್ದರು. ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಡಿ ಎಂದು ಒಮ್ಮೆ ಹೇಳಿ ನೋಡಿದೆ. "ಹುಡುಗಿಯ ಮನೆಯ ಹೆಸರು ಇಂಗ್ಲಿಷಿನಲ್ಲಿ ಬರೆದರೆ ಯಾರ ಮನೆ ಅಂತ ನನಗೇ ತಿಳಿಯೂದಿಲ್ಲ" ಅಂದರು. ಆಮೇಲೆ ನಾನು ಆ ವಿಷಯ ಎತ್ತಲಿಲ್ಲ.

ಆಪಾ ತಮ್ಮ ಫೋಲ್ಡರಿನಲ್ಲಿ ಇನ್ನೂ ಒಂದು ಇಡುತ್ತಿದ್ದರು. ಅವರ ತಾಯಿ ಮದುವೆಮನೆಗಳಲ್ಲಿ ಹಾಡುತ್ತಿದ್ದ ನವಾಯತಿ ಹಾಡುಗಳನ್ನು, ಕಾಯಿಲೆಗೆ ಮೊದಲು ಒಂದೊಂದೇ ಹೇಳಿಸಿಕೊಂಡು ಬರೆದಿಟ್ಟಿದ್ದರು. ಆ ಹಾಳೆಗಳು ಒಂದು ಮಳೆಗಾಲದಲ್ಲಿ ಗೆದ್ದಲು ಹತ್ತಿ ಹಾಳಾಗತೊಡಗಿದ ಮೇಲೆ ಎಲ್ಲವನ್ನೂ ಟೈಪು ಮಾಡಿ ಸರ್ವರಿನಲ್ಲಿ ಇಟ್ಟರು. "ನಿಮ್ಮ ಪೆಟ್ಟಿಗೆಯಲ್ಲಿ ಗೆದ್ದಲು ಇಲ್ಲ ಅಲ್ವಾ?" ಎಂದು ಕೇಳಿ ಇಟ್ಟಿದ್ದರು. ನಮ್ಮ ಮುದ್ರಣಾಲಯದ ಯಜಮಾನರು ಸಂತೋಷದಿಂದ ಒಪ್ಪಿದ್ದರು.

ಮೊದಲನೆಯ ಅಪ್‌ಡೇಟ್ ನಡೆದದ್ದು ಮರುವರ್ಷ. ಸರ್ವರ್ ನಿಧಾನವಾಗಿದೆಯೆಂದು ಯಜಮಾನರು ಹುಬ್ಬಳ್ಳಿಯಿಂದ ಒಬ್ಬ ತಂತ್ರಜ್ಞನನ್ನು ಕರೆಸಿದರು. ಒಳ್ಳೆಯ ಮನುಷ್ಯ. ಬಂದವನೇ ಸಾಫ್ಟ್‌ವೇರಿನ ಹೊಸ ಆವೃತ್ತಿಯನ್ನು ನಡೆಯುತ್ತಿದ್ದ ಹಳೆಯದರ ಮೇಲೆಯೇ ಹಾಕಿದ. ಆ ಕಾಲದಲ್ಲಿ ಹಾಗೆ ಮಾಡುವವರೇ ಹೆಚ್ಚು. ಊಟಕ್ಕೆ ಏಳುವ ಹೊತ್ತಿಗೆ ಕುಮಟೆಯಿಂದ ಫೋನು: "ನಮ್ಮ ಫೋಲ್ಡರಲ್ಲಿ ಎಂತದೂ ಇಲ್ಲ!" ನನ್ನ ಪರದೆಯಲ್ಲೂ ಇರಲಿಲ್ಲ. ಅವನು ಊಟ ಬಿಟ್ಟ. ಬೆವರು ಒರೆಸಿಕೊಳ್ಳುತ್ತಾ ಆ ದಿನ, ಮರುದಿನ ಕೂತು ಒಂದೊಂದೇ ಹಿಂದಕ್ಕೆ ತಂದ. ಕನ್ನಡದ ಕೆಲಸಗಳ ಫೈಲುಗಳಿಗೆ ನಾವು ಇಂಗ್ಲಿಷ್ ಅಕ್ಷರದ ಹೆಸರಿಡುತ್ತಿದ್ದೆವು, ಅವು ಬಂದವು. ಆಪಾರ ಫೋಲ್ಡರು ತೆರೆದಾಗ ಹೆಸರುಗಳ ಜಾಗದಲ್ಲಿ ಬರೀ ಪ್ರಶ್ನೆಚಿಹ್ನೆಗಳಿದ್ದವು, ಸಾಲಿಗೆ ಸಾಲು. ಹೆಸರು ಒಂದೇ ಥರ ಆಗಿಹೋದ್ದರಿಂದ ಒಂದು ಫೈಲು ಇನ್ನೊಂದರ ಮೇಲೆ ಕೂತು ಎಷ್ಟೋ ಫೈಲುಗಳು ಅಳಿಸಿಯೇ ಹೋಗಿದ್ದವು. ಹಾಡುಗಳಲ್ಲಿ ಒಂದೂ ಸಿಗಲಿಲ್ಲ.

ಆಪಾರಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಹೇಳಿದೆ. ಆ ಕಡೆ ಕುಕ್ಕರಿನ ಸೀಟಿ ಕೇಳಿಸಿತು. ಆಮೇಲೆ ಅವರು ಕೇಳಿದರು: "ಆ ಹುಬ್ಬಳ್ಳಿಯವರು ಇನ್ನೂ ಅಲ್ಲೇ ಇದ್ದಾರಾ?"

"ಇದ್ದಾರೆ ಆಪಾ."

"ಊಟ ಮಾಡಿದ್ರಾ?"

"ಇಲ್ಲ."

"ಮಾಡಿಸಿ. ಬೇಕಂತ ಮಾಡಿದ್ದಲ್ಲ ಅವ್ರು."

ಹಾಳೆಗಳಿದ್ದವಲ್ಲ ಎಂದು ಕೇಳಿದೆ. ಟೈಪಾದ ಮೇಲೆ ಗೆದ್ದಲು ಹಿಡಿದ ಹಾಳೆಗಳನ್ನು ಒಲೆಗೆ ಹಾಕಿದ್ದರಂತೆ. ತಾಯಿಗೆ ಈಗ ಹಾಡಿನ ರಾಗ ಬರುತ್ತದೆ, ಶಬ್ದ ಬರುವುದಿಲ್ಲ ಎಂದರು. ಅವರ ಧ್ವನಿಯಲ್ಲಿ ದೂರು ಇರಲಿಲ್ಲ. ದೂರಿದ್ದರೆ ನನಗೆ ಸುಲಭವಾಗುತ್ತಿತ್ತು.

ಅಂದಿನಿಂದ ಯಜಮಾನರು ಸರ್ವರಿಗೆ ಕೈ ಹಚ್ಚಲು ಬಿಡಲಿಲ್ಲ. ಅದರ ಮೇಲಿನ ಧೂಳು ಒರೆಸಲು ಹೋದರೂ "ಬೇಡ, ಬೇಡ" ಎನ್ನುತ್ತಿದ್ದರು. ನಾನು ಮಾತ್ರ ಪ್ರತಿ ಶನಿವಾರ ಎಲ್ಲ ಫೈಲುಗಳ ಒಂದು ಪ್ರತಿಯನ್ನು ಬೇರೆ ಹಾರ್ಡ್ ಡಿಸ್ಕಿಗೆ ತೆಗೆದಿಡತೊಡಗಿದೆ. ತೆಗೆದಿಟ್ಟರೆ ಸಾಲದು, ಅದು ತೆರೆಯುತ್ತದೆಯೋ ಎಂದು ಬೇರೆ ಯಂತ್ರದಲ್ಲಿ ಹಾಕಿ ನೋಡಬೇಕು ಎಂಬುದು ಕಲಿತದ್ದೂ ಆಗಲೇ.

ಹೀಗೆ ಒಂದು ವರ್ಷಕ್ಕೂ ಮಿಕ್ಕಿ ನಡೆಯಿತು. ಒಂದು ಬೇಸಿಗೆಯಲ್ಲಿ, ಮದುವೆಯ ಸೀಜನ್ ಏರುತ್ತಿದ್ದಾಗ, ಕರಪತ್ರಗಳ ಫೋಲ್ಡರಿನಲ್ಲಿ ಯಾರದ್ದೂ ಅಲ್ಲದ ಫೈಲೊಂದು ಕಾಣಿಸಿತು. ಕುಮಟೆಗೆ ಕೇಳಿದೆ, ಭಟ್ಕಳಕ್ಕೆ ಕೇಳಿದೆ, ಯಾರೂ ಇಟ್ಟಿದ್ದಲ್ಲ. ಸಾಫ್ಟ್‌ವೇರ್ ಬರೆದವರ ವೆಬ್‌ಸೈಟು ತೆರೆದರೆ ಮೇಲೆಯೇ ಎಚ್ಚರಿಕೆ ಇತ್ತು: ಹಳೆಯ ಆವೃತ್ತಿಯಲ್ಲಿ ಒಂದು ಬಿರುಕು ಇದೆ, ಅದರಲ್ಲಿ ಹೊರಗಿನವರು ಪಾಸ್‌ವರ್ಡಿಲ್ಲದೆ ಒಳಗೆ ಬರಬಹುದು, ತಡಮಾಡದೆ ಹೊಸದಕ್ಕೆ ಬದಲಾಯಿಸಿ ಎಂದು. ಯಾರೋ ಬಂದು ಬಾಗಿಲು ತಳ್ಳಿ ನೋಡಿಹೋಗಿದ್ದರು. ನಾನು ಎದ್ದು ಹೋಗಿ ಇಂಟರ್‌ನೆಟ್ಟಿನ ವೈರು ಕಿತ್ತೆ. ಆಮೇಲೆ ಯಜಮಾನರ ಹತ್ತಿರ ಹೋದೆ.

ಅವರು ಹೊನ್ನಾವರದ ಮೇಲಿನ ಸೀಮೆಯ ತೋಟದ ಮನೆಯವರು. ಮನೆಯವರೊಡನೆ ಫೋನಿನಲ್ಲಿ "ಬತ್ತೆ, ಬತ್ತೆ, ಇಲ್ಲಿ ಕೆಲ್ಸ ಇದ್ದು" ಎಂದು ಮಾತಾಡುತ್ತಿದ್ದವರು ನನ್ನ ಮುಖ ನೋಡಿ ಫೋನು ಇಟ್ಟರು.

"ಎಂತ ಆತು?"

ಹೇಳಿದೆ.

"ನಡೀತಾ ಇದ್ದದ್ದನ್ನ ಎಂತಕ್ಕೆ ಮುಟ್ಟೂದು ತಂಗಿ? ಹೋದ್ಸಲ ಮುಟ್ಟಿ ಎಂತ ಆತು, ನೀನೇ ಕಂಡಿದ್ಯಲ."

"ನಡೀತಾ ಇದ್ದದ್ದನ್ನ ಮುಟ್ಟೂದಿಲ್ಲ ಸರ್. ಅದ್ರದ್ದೇ ಇನ್ನೊಂದು ಮಾಡ್ತೆ. ಮೊದ್ಲು ಅದ್ರ ಮೇಲೆ ಹೊಸದು ಹಾಕಿ ನೋಡೂದು. ಸರಿಯಾದ್ರೆ ಮಾತ್ರ ಇದ್ಕೆ."

"ಅಲ್ಲೀವರೆಗೆ?"

"ಅಲ್ಲೀವರೆಗೆ ಸೀಡಿ. ಬಸ್ಸಲ್ಲಿ."

ಸೀಜನ್ ಹೊತ್ತಿನಲ್ಲಿ ಸೀಡಿ ಎಂದಾಗ ಅವರ ಮುಖ ಸಪ್ಪಗಾಯಿತು. ಸ್ವಲ್ಪ ಹೊತ್ತು ಮೇಜಿನ ಮೇಲಿನ ಪ್ರೂಫನ್ನೇ ನೋಡುತ್ತಿದ್ದು ಕೇಳಿದರು: "ಈ ಸಲ ಆಪಾರ ಫೋಲ್ಡರಿಗೆ ಎಂತ ಆದ್ರೂ ಆದ್ರೆ ನಾ ಅವ್ರಿಗೆ ಹ್ಯಾಂಗೆ ಮುಖ ತೋರ್ಸೂದು?" ಅವರೂ ಆಪಾರ ಮುಖ ನೋಡಿದವರಲ್ಲ. ಆದರೆ ಆ ಹಾಡುಗಳ ವಿಷಯ ಅವರನ್ನು ಎಷ್ಟು ಕೊರೆಯುತ್ತಿತ್ತೆಂದು ನನಗೆ ತಿಳಿದದ್ದು ಆಗಲೇ. ಧೂಳು ಒರೆಸಲೂ ಬಿಡದಿದ್ದದ್ದು ಸಿಟ್ಟಿನಿಂದಲ್ಲ, ಹೆದರಿಕೆಯಿಂದ.

ಕುಮಟೆಯ ಕೌಂಟರಿನಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಕಂಪ್ಯೂಟರೊಂದನ್ನು ತರಿಸಿದೆ. ಶನಿವಾರದ ಪ್ರತಿಯನ್ನು ಅದಕ್ಕೆ ತುಂಬಿದೆ. ಫೈಲುಗಳನ್ನಷ್ಟೇ ಅಲ್ಲ, ಯಾವ ಫೈಲು ಯಾರದು, ಅದರ ಹೆಸರೇನು ಎಂದು ನೆನಪಿಟ್ಟುಕೊಳ್ಳುವ ಡೇಟಾಬೇಸನ್ನೂ. ಅದು ಬಿಟ್ಟುಹೋದರೆ ಫೈಲುಗಳಿದ್ದೂ ಇಲ್ಲದ ಹಾಗೆ. ಈಗ ನನ್ನ ಮುಂದೆ ನಮ್ಮ ಸರ್ವರಿನ ಅವಳಿ ಇತ್ತು. ಇದು ಹಾಳಾದರೆ ಯಾರೂ ಅಳಬೇಕಾಗಿರಲಿಲ್ಲ.

ಸಾಫ್ಟ್‌ವೇರಿನವರು ಬರೆದ ಸೂಚನೆಗಳನ್ನು ಮೇಲಿಂದ ಕೆಳಗಿನವರೆಗೆ ಓದಿದೆ. ನಮ್ಮ ಆವೃತ್ತಿ ಎಷ್ಟು ಹಳತೆಂದರೆ ಅಲ್ಲಿಂದ ನೇರವಾಗಿ ಹೊಸದಕ್ಕೆ ಹಾರುವಂತಿರಲಿಲ್ಲ. ನಡುವಿನ ಒಂದನ್ನು ಮೊದಲು ಹಾಕಿ, ಅದು ನಿಂತ ಮೇಲೆ ಮುಂದಿನದು. ಹಾಗೇ ಮಾಡಿದೆ. ಮೊದಲ ಪ್ರಯತ್ನಕ್ಕೆ ಮತ್ತದೇ ಪ್ರಶ್ನೆಚಿಹ್ನೆಗಳು. ಅವಳಿಯನ್ನು ಅಳಿಸಿ, ಪ್ರತಿಯಿಂದ ಮತ್ತೆ ತುಂಬಿ, ಹೆಸರುಗಳು ಯಾವ ಲಿಪಿಯವೆಂದು ಡೇಟಾಬೇಸಿಗೆ ಹೇಳಿಕೊಟ್ಟು ಇನ್ನೊಮ್ಮೆ ಹಾಕಿದೆ. ಈ ಸಲ ಉರ್ದು ಅಕ್ಷರಗಳು ಬಂದವು. ಬಾಲಗಳು, ಚುಕ್ಕೆಗಳು, ಎಲ್ಲ. ಯಜಮಾನರು ಬಗ್ಗಿ ನೋಡಿ "ಚಂದ ಬಂತಲ" ಎಂದರು.

ಚಂದ ಬಂದಿತ್ತು. ಆದರೆ ಸರಿಯಾಗಿ ಬಂದಿತ್ತೇ? ಅವರಿಗೂ ಓದಲು ಬಾರದು, ನನಗೂ ಬಾರದು. ಹೋದ ಸಲ ಹಾಳಾದದ್ದು ಯಾರ ಕಣ್ಣಿಗೂ ಕಾಣುವಂತಿತ್ತು, ಈ ಸಲ ತಪ್ಪಿದ್ದರೂ ಓದಬಲ್ಲವರಿಗೆ ಮಾತ್ರ ತಿಳಿಯುತ್ತಿತ್ತು. ಆಪಾರಿಗೆ ಫೋನು ಮಾಡಿದೆ. ತಾಯಿಯನ್ನು ಬಿಟ್ಟು ಹೊನ್ನಾವರಕ್ಕೆ ಬರಲು ಅವರಿಂದ ಆಗದು. ವೈರು ಕಿತ್ತಿಟ್ಟ ಮೇಲೆ ಅಲ್ಲಿಂದ ನೋಡುವಂತೆಯೂ ಇಲ್ಲ.

"ಹಾಗಾದ್ರೆ ಯಂತ್ರವನ್ನೇ ನಿಮ್ಮಲ್ಲಿಗೆ ತರ್ತೆ" ಎಂದೆ.

"ಹೊತ್ಕೊಂಡಾ?"

"ಹೊತ್ಕೊಂಡು."

ಬೆಳಗಿನ ಬಸ್ಸಿಗೆ ಹೊರಟೆ. ದೊಡ್ಡಮ್ಮನ ಹಳೆಯ ಹತ್ತಿಸೀರೆಯಲ್ಲಿ ಕಂಪ್ಯೂಟರನ್ನು ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದೆ. ಕೆಳಗಿಟ್ಟರೆ ಕುಲುಕಾಟಕ್ಕೆ ಡಿಸ್ಕು ಹಾಳಾಗುತ್ತದೆಂಬ ಭಯ. ಶರಾವತಿಯ ಸೇತುವೆ ದಾಟುವಾಗ ಕಂಡಕ್ಟರ್ ಬಂದ.

"ಎಂತದಿದು, ಟೀವಿಯಾ?"

"ಅಲ್ಲ, ಕಂಪ್ಯೂಟರು."

"ಹಾಳಾದದ್ದಾ?"

"ಹಾಳಾಗ್ಬಾರ್ದು ಹೇಳಿಯೇ ತಕಂಡು ಹೋಗೂದು."

ಅವನಿಗೆ ಅರ್ಥವಾಗಲಿಲ್ಲ. ಪಕ್ಕದಲ್ಲಿ ಖಾಲಿ ಮೀನುಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು ನನ್ನ ಕೈ ನೋಡಿ ನಕ್ಕಳು: "ಹಸಿ ಶಿಶು ಹಿಡ್ಕಂಡಾಂಗೆ ಹಿಡ್ಕಂಡಿದ್ಯಲೇ!" ಮುರ್ಡೇಶ್ವರದ ಕ್ರಾಸಿನಲ್ಲಿ ಜನ ನುಗ್ಗಿದಾಗ ಅವಳೇ ಮೊಣಕೈ ಅಡ್ಡ ಹಿಡಿದು ಯಾರೂ ನನ್ನ ಮೇಲೆ ಬೀಳದ ಹಾಗೆ ನೋಡಿಕೊಂಡಳು. ಕಾಯ್ಕಿಣಿಯ ಗದ್ದೆಗಳು ಕಿಟಕಿಯಲ್ಲಿ ಹೋಗುತ್ತಿದ್ದವು. ನನ್ನ ಕಾಲು ಜೋಮು ಹಿಡಿದಿತ್ತು.

ಭಟ್ಕಳದ ಕೌಂಟರಿನವರು ರಿಕ್ಷಾ ಮಾಡಿ ಓಣಿಯ ತನಕ ಮುಟ್ಟಿಸಿದರು. ಬಾಗಿಲು ತೆರೆದವರನ್ನು ಆಪಾ ಎಂದು ನಾನು ತಿಳಿಯಲೇ ಇಲ್ಲ. ಫೋನಿನ ಆ ಗಡುಸು ಧ್ವನಿಗೆ ನಾನು ಎತ್ತರದ, ದಪ್ಪ ಹೆಂಗಸನ್ನು ಊಹಿಸಿಕೊಂಡಿದ್ದೆ. ಎದುರಿಗಿದ್ದವರು ನನ್ನ ಭುಜಕ್ಕೆ ಬರುವಷ್ಟು ಪುಟ್ಟ ಹೆಂಗಸು, ಕನ್ನಡಕ, ಕೈಗೆ ಹಿಟ್ಟು ಮೆತ್ತಿಕೊಂಡಿತ್ತು. ಅವರೂ ನನ್ನನ್ನು ನೋಡಿ ನಿಂತರು.

"ಇಷ್ಟು ಚಿಕ್ಕವಳಾ? ಫೋನಿನಲ್ಲಿ ನೀವು ದೊಡ್ಡ ಹೆಂಗಸಿನ ಹಾಗೆ ಮಾತಾಡ್ತೀರಿ."

ಆಮೇಲೆ ಅವರು ನನ್ನನ್ನು ನೀವು ಎನ್ನಲಿಲ್ಲ. ಬೇಟಿ ಎಂದರು.

ಒಳಗೆ ತಂಪಾಗಿತ್ತು. ಕಂಪ್ಯೂಟರಿನ ಕೋಣೆಗೆ ತಗುಲಿಕೊಂಡೇ ತಾಯಿ ಮಲಗಿದ್ದ ಕೋಣೆ, ನಡುವೆ ಪರದೆ ಮಾತ್ರ. ತಾಯಿಗೆ ನನ್ನನ್ನು ತೋರಿಸಿ ಆಪಾ ನವಾಯತಿಯಲ್ಲಿ ಏನೋ ಹೇಳಿದರು. ನಮ್ಮ ಕೊಂಕಣಿ ನೆರೆಯವರ ಮಾತು ಕೇಳಿ ಬೆಳೆದವಳಾದ್ದರಿಂದ ಅಲ್ಲಿಷ್ಟು ಇಲ್ಲಿಷ್ಟು ತಿಳಿಯಿತು. ಮುದುಕಿ ಸರಿಯಿದ್ದ ಕೈಯೆತ್ತಿ ನನ್ನ ತಲೆ ಮುಟ್ಟಿದರು.

ಚಹಾ ಕುಡಿದು, ಅವರ ಮಾನಿಟರಿಗೆ ನನ್ನ ಯಂತ್ರ ಸಿಕ್ಕಿಸಿ, ಆಪಾರ ಫೋಲ್ಡರು ತೆರೆದುಕೊಟ್ಟೆ. ಅವರು ಕೈ ತೊಳೆದು, ಕನ್ನಡಕ ಒರೆಸಿ ಕೂತರು. ಹಾಜರಿ ಕರೆಯುವ ಹಾಗೆ ಒಂದೊಂದೇ ಹೆಸರು ಗಟ್ಟಿಯಾಗಿ ಓದತೊಡಗಿದರು. ಪರದೆಯ ಆಚೆಯಿಂದ ತಾಯಿ ಪ್ರತಿ ಮನೆಯ ಹೆಸರಿಗೂ ಏನಾದರೊಂದು ತೊದಲುತ್ತಿದ್ದರು. ಆಪಾ ಓದುತ್ತಾ ನಡುನಡುವೆ ನನಗೆ ಹೇಳುತ್ತಿದ್ದರು: "ಆ ಮನೆಯ ಅಜ್ಜಿ ಇವಳ ಗೆಳತಿಯಂತೆ." "ಅವರ ಮನೆಯ ಬಾವಿ ನೀರು ಸಿಹಿಯಂತೆ." ಎಲ್ಲ ಸರಿಯಾಗಿ ಹೋಗುತ್ತಿತ್ತು. ನಾನು ಹಗುರಾಗಿ ಗೋಡೆಗೆ ಒರಗಿದ್ದೆ.

ಆಪಾ ನಿಲ್ಲಿಸಿದರು. ಹಿಂದಕ್ಕೆ ಹೋಗಿ ಮತ್ತೆ ಓದಿದರು.

"ಬೇಟಿ, ನನ್ನ ಒಬ್ಬಳು ಮದುಮಗಳು ಕಾಣೂದಿಲ್ಲ."

"ಅಂದ್ರೆ?"

"ಇಬ್ಬರಿದ್ರು. ಅಕ್ಕತಂಗಿಯರ ಮಕ್ಕಳು, ಒಂದೇ ವಾರ ಮದುವೆ. ಇಲ್ಲಿ ಒಬ್ಬಳೇ ಇದ್ದಾಳೆ."

ಎರಡು ಹೆಸರುಗಳನ್ನೂ ಕಾಗದದ ಮೇಲೆ ಬರೆದು ತೋರಿಸಿದರು. ನನ್ನ ಕಣ್ಣಿಗೆ ಎರಡೂ ಒಂದೇ. ಅವರು ಬೆರಳಿಟ್ಟು ತೋರಿಸಿದಾಗ ಕಂಡಿತು. ಒಂದು ಅಕ್ಷರದ ಮೇಲೆ ಪುಟ್ಟ ಗುರುತು, ಇನ್ನೊಂದರಲ್ಲಿ ಅದಿಲ್ಲ. ಉರ್ದುವಿನಲ್ಲಿಲ್ಲದ ಸ್ವರಕ್ಕೆ ನವಾಯತಿಯವರು ಹಾಕಿಕೊಳ್ಳುವ ಗುರುತು. ಹೊಸ ಆವೃತ್ತಿಯ ಡೇಟಾಬೇಸಿಗೆ ಆ ಎರಡು ಅಕ್ಷರಗಳು ಒಂದೇ. ಒಂದೇ ಹೆಸರಿನ ಎರಡು ಫೈಲು ಇರಕೂಡದೆಂದು ಅದು ಒಂದನ್ನು ತೆಗೆದುಕೊಂಡು ಇನ್ನೊಂದನ್ನು ಬಿಟ್ಟುಬಿಟ್ಟಿತ್ತು. ತಪ್ಪೆಂದು ಎಲ್ಲೂ ಹೇಳಿರಲಿಲ್ಲ. ಪ್ರಶ್ನೆಚಿಹ್ನೆಯಾದರೂ ಇದ್ದಿದ್ದರೆ ಕಣ್ಣಿಗೆ ಬೀಳುತ್ತಿತ್ತು.

ಇದನ್ನೇ ಹೊನ್ನಾವರದಲ್ಲಿ ನಿಜವಾದ ಸರ್ವರಿಗೆ ಹಾಕಿದ್ದರೆ?

"ಹೋಗಿಬಿಟ್ಟಿತಾ ಅವಳದ್ದು?" ಆಪಾ ಕೇಳಿದರು. ಧ್ವನಿ ಅಂದಿನ ಫೋನಿನ ಧ್ವನಿಯೇ.

"ಇಲ್ಲ ಆಪಾ. ಇದು ಅವಳಿ. ನಿಜವಾದದ್ದು ಅಲ್ಲಿ ಹಾಗೇ ಇದೆ. ಪ್ರತಿ ಈ ಚೀಲದಲ್ಲಿದೆ."

ಅವರು ಚೀಲವನ್ನು ನೋಡಿದರು. "ತೋರಿಸು" ಎಂದರು. ಪ್ರತಿ ಇದ್ದ ಡಿಸ್ಕನ್ನು ಸಿಕ್ಕಿಸಿ ಹಳೆಯ ಫೋಲ್ಡರು ತೆರೆದೆ. ಇಬ್ಬರು ಮದುವಣಗಿತ್ತಿಯರೂ ಅಲ್ಲಿದ್ದರು. ಆಪಾ ಇಬ್ಬರ ಹೆಸರನ್ನೂ ಬೆರಳಿಟ್ಟು ಓದಿದರು. ಎದ್ದುಹೋಗಿ ತಾಯಿಗೆ ನೀರು ಕುಡಿಸಿ ಬಂದರು.

ಅವಳಿಯನ್ನು ಮತ್ತೆ ಅಳಿಸಿ ಮೊದಲಿನಿಂದ ತುಂಬಬೇಕಿತ್ತು. ಹೆಸರುಗಳನ್ನು ಹಾಕಿದ ಮೇಲೆ ಸರಿಪಡಿಸುವಂತಿಲ್ಲ. ಹಾಕುವ ಮೊದಲೇ, ಒಂದು ಚುಕ್ಕೆ ಬೇರೆಯಾದರೂ ಅಕ್ಷರ ಬೇರೆ ಎಂದು ಡೇಟಾಬೇಸಿಗೆ ತಿಳಿಸಬೇಕು. ಅದನ್ನು ಎಲ್ಲಿ, ಹೇಗೆ ಹೇಳುವುದೆಂದು ಸೂಚನೆಗಳಲ್ಲಿ ಹುಡುಕುತ್ತಾ ಕೂತೆ. ಆಪಾ ಅಕ್ಕಿರೊಟ್ಟಿ, ಮೊಟ್ಟೆಪಲ್ಯ ತಂದಿಟ್ಟು, ನಾನು ತಿನ್ನುವವರೆಗೂ ಕೀಬೋರ್ಡು ಕೊಡಲಿಲ್ಲ. ಯಂತ್ರ ತನ್ನ ಪಾಡಿಗೆ ತುಂಬಿಕೊಳ್ಳುತ್ತಿದ್ದಾಗ ಪರದೆಯ ಆಚೆ ತಾಯಿ ಗುನುಗಿದ್ದು ಕೇಳಿಸಿತು. ಶಬ್ದಗಳಿರಲಿಲ್ಲ. ಏರುತ್ತಾ ಹೋಗಿ ಒಂದು ಕಡೆ ಬಳುಕಿ ಇಳಿಯುವ ರಾಗ.

"ಮೆಹಂದಿಯ ಹಾಡು ಅದು" ಎಂದರು ಆಪಾ. "ಎರಡನೇ ಸಾಲಿನ ತನಕ ನನಗೂ ಬರ್ತದೆ. ಮುಂದೆ ಬರೂದಿಲ್ಲ."

"ಬೇರೆ ಯಾರಿಗೂ ಬರೂದಿಲ್ವಾ?"

"ಕೇಳ್ಬೇಕು. ಎಲ್ಲರ ಮನೆಗೂ ಹೋಗಿ ಕೇಳ್ಬೇಕು. ನಾನೆಲ್ಲಿ ಹೋಗ್ಲಿ ಇವಳನ್ನ ಬಿಟ್ಟು?"

ಇಬ್ಬರೂ ಆ ರಾಗ ಮುಗಿಯುವ ತನಕ ಕೇಳಿದೆವು.

ಸಂಜೆಯ ಹೊತ್ತಿಗೆ ಆಪಾ ಮತ್ತೆ ಮೊದಲಿನಿಂದ ಹಾಜರಿ ಕರೆದರು. ಈ ಸಲ ಇಬ್ಬರೂ ಬಂದರು. ಹಳೆಯದರಲ್ಲಿ ಎಷ್ಟು ಫೈಲುಗಳಿದ್ದವೋ ಹೊಸದರಲ್ಲೂ ಅಷ್ಟೇ ಇವೆಯೇ ಎಂದು ಎಣಿಕೆಯನ್ನೂ ತಾಳೆ ನೋಡಿದೆವು. ಬರೀ ಹೆಸರು ಕಂಡರೆ ಸಾಲದೆಂದು ಆಪಾ ಅಲ್ಲೊಂದು ಇಲ್ಲೊಂದು ಫೈಲು ತೆರೆದು ಒಳಗಿನ ಬರಹವನ್ನೂ ಓದಿದರು. ಒಂದರಲ್ಲಿ ನಿಜವಾಗಿಯೂ ತಪ್ಪು ಸಿಕ್ಕಿತು. ಸರ್ವರಿನದ್ದಲ್ಲ, ವರನ ಅಜ್ಜನ ಹೆಸರಿನಲ್ಲಿ ಅವರದ್ದೇ ಟೈಪಿನ ತಪ್ಪು. "ಅಚ್ಚಾಗಿ ಹೋಗಿದೆ, ಯಾರೂ ನೋಡ್ಲಿಲ್ಲ" ಎಂದು ಬಾಯಿಗೆ ಸೆರಗು ಹಿಡಿದು ನಕ್ಕರು. ಅವರು ನಕ್ಕದ್ದನ್ನು ನೋಡಿದ್ದು ಅದೇ ಮೊದಲು.

ನಿಜವಾದ ಸರ್ವರಿನ ಕೆಲಸವನ್ನು ಮುಂದಿನ ಶುಕ್ರವಾರಕ್ಕೆ ಇಟ್ಟುಕೊಂಡೆವು. ಭಟ್ಕಳದಲ್ಲಿ ಅಂದು ಅಂಗಡಿಗಳಿಗೆ ರಜೆ. ಕುಮಟೆಯವರಿಗೆ ಯಾರೂ ಏನೂ ತೆರೆಯಬೇಡಿ ಎಂದು ಹೇಳಿ ಆಗಿತ್ತು. ಬೆಳಿಗ್ಗೆ ಹೊಸದಾಗಿ ಪೂರ್ತಿ ಪ್ರತಿ ತೆಗೆದು, ತೆರೆದು ನೋಡಿ, ಡಿಸ್ಕನ್ನು ಯಜಮಾನರ ಕಪಾಟಿನಲ್ಲಿಟ್ಟೆ. ಇನ್ನೇನು ಶುರು ಮಾಡಬೇಕು, ಕರೆಂಟು ಹೋಯಿತು. ಬಂತು. ಮತ್ತೆ ಹೋಯಿತು. ಗುಡ್ಡದ ಕಡೆ ಮೋಡ ಕಟ್ಟಿತ್ತು. ಯುಪಿಎಸ್ ಕುಂಯ್‌ಗುಡುತ್ತಿತ್ತು.

"ಬ್ಯಾಟರಿ ಇದ್ಯಲ, ಮಾಡ್ಬಿಡು" ಎಂದರು ಯಜಮಾನರು. ಭಟ್ಕಳದ ಲಗ್ನಪತ್ರಿಕೆಗಳ ಅವಸರ ಅವರಿಗೆ.

"ಅರ್ಧಕ್ಕೆ ಬ್ಯಾಟರಿ ಖಾಲಿಯಾದ್ರೆ ಇದು ಹಳೇದೂ ಅಲ್ಲ ಹೊಸದೂ ಅಲ್ಲ ಆಗಿ ಕೂರ್ತದೆ ಸರ್. ಕರೆಂಟು ನಿಲ್ಲೂವರೆಗೆ ನಾ ಮುಟ್ಟೂದಿಲ್ಲ."

ನಾನು ಅವರಿಗೆ ಹಾಗೆ ಎದುರು ಹೇಳಿದ್ದು ಅದೇ ಮೊದಲು. ಅವರು ನನ್ನನ್ನು ನೋಡಿದರು, ಹೊರಗಿನ ಮೋಡ ನೋಡಿದರು. "ಆತು" ಎಂದರು. ಕುರ್ಚಿಯನ್ನು ಎಳೆದುಕೊಂಡು ಹೋಗಿ ಏಣಿಮೆಟ್ಟಿಲಿನ ಬಾಯಿಗೆ ಹಾಕಿಕೊಂಡು ಕೂತರು. ಮೇಲಿಂದ ಇಳಿದುಬಂದ ಮುದ್ರಣ ಯಂತ್ರದವರಿಗೂ, ಅಂಚೆಯವನಿಗೂ "ಈ ಬದಿ ಬರ್ಬೇಡಿ, ವೈರು ಮೆಟ್ಟಬೇಡಿ" ಎಂದು ಹೇಳುತ್ತಾ ಕಾವಲು ಕಾದರು. ಒಂದು ದೊಡ್ಡ ಮಳೆ ಹೊಡೆದು ಹೋಯಿತು. ಊಟದ ಹೊತ್ತು ಕಳೆದ ಮೇಲೆ ಕರೆಂಟು ಬಂದು ನಿಂತಿತು. ಇನ್ನೂ ಸ್ವಲ್ಪ ಕಾದು ಶುರು ಮಾಡಿದೆ.

ಅವಳಿಯಲ್ಲಿ ಮಾಡಿದ್ದನ್ನೇ, ಅದೇ ಕ್ರಮದಲ್ಲಿ, ಏನೂ ಹೊಸದು ಸೇರಿಸದೆ ಮಾಡಿದೆ. ನಡುವಿನ ಆವೃತ್ತಿ, ಆಮೇಲೆ ಹೊಸದು. ಯಜಮಾನರು ಎಳನೀರು ತರಿಸಿ ನನ್ನ ಪಕ್ಕ ಇಟ್ಟರು, ಸರ್ವರಿನಿಂದ ಒಂದು ಮಾರು ದೂರದಲ್ಲಿ. ಕೊನೆಗೆ ವೈರು ಸಿಕ್ಕಿಸಿ ಭಟ್ಕಳಕ್ಕೆ ಫೋನು ಮಾಡಿದೆ. ಆಪಾ ತಮ್ಮ ಮನೆಯಲ್ಲಿ ಕೂತು ತೆರೆದರು. ಫೋನಿನ ಸ್ಪೀಕರು ಹಾಕಿದ್ದೆ. ಒಂದೊಂದೇ ಹೆಸರು ಓದುವ ಆ ಟೀಚರ್ ಧ್ವನಿ ಮುದ್ರಣಾಲಯದಲ್ಲೆಲ್ಲ ಕೇಳಿಸಿತು. ಮೇಲಿನ ಯಂತ್ರದವರು ಯಂತ್ರ ನಿಲ್ಲಿಸಿ ಮೆಟ್ಟಿಲ ಮೇಲೆ ಬಂದು ನಿಂತು ಕೇಳುತ್ತಿದ್ದರು, ಅವರಿಗೆ ಏನೂ ಅರ್ಥವಾಗದಿದ್ದರೂ.

"ಎಲ್ಲರೂ ಇದ್ದಾರೆ" ಎಂದರು ಆಪಾ.

ಯಜಮಾನರು ಫೋನಿನ ಹತ್ತಿರ ಬಗ್ಗಿ, "ಆಪಾ, ಹೋದ ಸಲದ್ದು..." ಎಂದು ಶುರು ಮಾಡಿದರು.

"ಅದು ಆಗಿ ಹೋಯ್ತು. ನೀವು ಊಟ ಮಾಡಿ. ಅವಳಿಗೂ ಮಾಡಿಸಿ" ಎಂದರು ಆಪಾ.

ಹಳೆಯ ಪ್ರತಿಯನ್ನು ಸೀಜನ್ ಮುಗಿಯುವವರೆಗೂ ಅಳಿಸಲಿಲ್ಲ. ಆಮೇಲಿನ ಪ್ರತಿಯೊಂದು ಅಪ್‌ಡೇಟನ್ನೂ ಅದೇ ರೀತಿ ಮಾಡಿದೆವು: ಮೊದಲು ಅವಳಿ ಯಂತ್ರಕ್ಕೆ, ಆಮೇಲೆ ಆಪಾ ಓದಿ ನೋಡುವುದು, ಆಮೇಲೆ ನಿಜವಾದದ್ದಕ್ಕೆ. ಯಂತ್ರ ಹೊತ್ತುಕೊಂಡು ಹೋಗಬೇಕಾದ ಅಗತ್ಯ ಬೇಗನೇ ತಪ್ಪಿತು. ಅವರ ಮನೆಯಿಂದಲೇ ನೋಡುವ ದಾರಿ ಮಾಡಿಕೊಂಡೆವು. ಆದರೂ ನಾನು ಆಗೀಗ ಹೋಗುತ್ತಿದ್ದೆ. ಆಪಾರಿಗೆ ಪ್ರತಿ ತೆಗೆಯುವುದು, ತೆಗೆದದ್ದನ್ನು ತೆರೆದು ನೋಡುವುದು ಕಲಿಸಿಕೊಟ್ಟೆ. ಅವರು ನನಗೆ ಉರ್ದು ಅಕ್ಷರ ಕಲಿಸಲು ನೋಡಿದರು. ನನಗೆ ಬಾಲದ ಗೊಂದಲ ಕೊನೆಗೂ ಬಗೆಹರಿಯಲಿಲ್ಲ.

ಅವರ ತಾಯಿ ಎರಡು ವರ್ಷದ ನಂತರ ತೀರಿಕೊಂಡರು. ಹೋಗಿ ಬಂದೆ. ಆ ದಿನ ಆಪಾ ನನ್ನ ಕೈ ಹಿಡಿದುಕೊಂಡು ಕೂತಿದ್ದರು. ಕೆಲವು ತಿಂಗಳಾದ ಮೇಲೆ ಅವರು ಮನೆಮನೆಗೆ ಹೋಗಿ ವಯಸ್ಸಾದ ಹೆಂಗಸರಿಂದ ಹಾಡು ಕೇಳತೊಡಗಿದ್ದಾರೆಂದು ಕೌಂಟರಿನ ಹುಡುಗರು ಹೇಳಿದರು. ನಾನು ಕೇಳಿದಾಗ ಆಪಾ "ಇದು ನನ್ನ ತಾಯಿಯ ಹಾಡಲ್ಲ, ಬೇರೆಯವರದು. ಆದ್ರೂ ಹಾಡು" ಎಂದರು.

ನಾನು ಮದುವೆಯಾಗಿ, ಕುಮಟೆಯ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿ ಮುದ್ರಣಾಲಯ ಬಿಟ್ಟೆ. ಹೊಸಬರಿಗೆ ಸರ್ವರಿನ ಕೆಲಸ ಹೇಳಿಕೊಟ್ಟು ಬಂದಿದ್ದೆನಾದರೂ ಮನಸ್ಸಿನಲ್ಲಿ ಅಳುಕಿತ್ತು. ಮುಂದಿನ ಅಪ್‌ಡೇಟಿನ ಹೊತ್ತಿಗೆ ಒಂದು ಮಧ್ಯಾಹ್ನ ಆಪಾರ ಫೋನು ಬಂತು.

"ಬೇಟಿ, ನಿನ್ನೆ ಹೊಸದು ಹಾಕಿದ್ರು. ಮೊದಲು ಅವಳಿ ಯಂತ್ರಕ್ಕೆ ಹಾಕಿ ನನಗೆ ತೋರಿಸಿದ್ರು. ಎಲ್ಲ ಓದಿದೆ. ಎಲ್ಲ ಸರಿ ಇದೆ. ನೀನು ಬರೂದು ಬೇಡ."

"ಆತು ಆಪಾ. ಹೇಳಿದ್ದು ಒಳ್ಳೇದಾಯ್ತು."

ಆಪಾ ಫೋನು ಇಡಲಿಲ್ಲ. ಆಮೇಲೆ ಹೇಳಿದರು, "ಕೆಲಸಕ್ಕೆ ಬರೂದು ಬೇಡ ಅಂದೆ. ಭಾನುವಾರ ಊಟಕ್ಕೆ ಬಾ. ಗಂಡನ್ನೂ ಕರ್ಕೊಂಡು ಬಾ, ನಾನಿನ್ನೂ ನೋಡಿಲ್ಲ."

ಆ ಭಾನುವಾರ ಹೋದೆವು.